ಕಣದ ಮೇಲೆ ಬಿದ್ದ ಕಣ

ಆ ಸೌದೆ ಸ್ವಲ್ಪ ಒಳಕ್ಕೆ ನೂಕಿ, ಬೆಂಕಿ ಮಂಕಾಯ್ತು. ಹತ್ತಿರ ಬಂದು ಕೂತ್ಕೊಳ್ಳಿ. ಸಂಕ್ರಾಂತಿ ಹತ್ತಿರವಾದರೆ ಅಲ್ಲಾಳಸಂದ್ರದಲ್ಲಿ ಈಗಲೂ ಚಳಿ ಮೂಳೆಗೆ ಇಳಿಯುತ್ತೆ. ನಾನು ಹೇಳೋ ಕಾಲದಲ್ಲಿ ಕೆರೆ ಕಡೆಯಿಂದ ಗಾಳಿ ಬೀಸಿದರೆ ತಡೆಯೋಕೆ ಒಂದು ಗೋಡೆ ಇರಲಿಲ್ಲ. ಈಗ ನಾವು ಯಾವ ಕಟ್ಟಡದ ತಾರಸಿಯ ಮೇಲೆ ಕೂತಿದ್ದೀವೋ, ಅದರ ಕೆಳಗೆ ಕಾರು ನಿಲ್ಲಿಸೋ ಜಾಗದಲ್ಲಿ ನಮ್ಮ ಕಣ ಇತ್ತು.

ಕಣ ಅಂದ ಕೂಡಲೆ ನಿಮಗೆ ಸೈನ್ಸ್ ಪುಸ್ತಕದ ಕಣ ನೆನಪಾಗುತ್ತೆ. ಇದು ರಾಗಿ ಒಕ್ಕೋ ಕಣ. ನೆಲ ಕೆತ್ತಿ, ನೀರು ಹೊಡೆದು, ಬಡಿದು ಗಟ್ಟಿ ಮಾಡಿ, ಮೇಲೆ ಸಗಣಿ ಬಗ್ಗಡ ಸಾರಿಸುತ್ತಿದ್ದರು. ಒಣಗಿದ ಮೇಲೆ ಬರಿಗಾಲಲ್ಲಿ ನಡೆದರೆ ಹದವಾದ ಚರ್ಮದ ಮೇಲೆ ನಡೆದ ಹಾಗೆ ಇರುತ್ತಿತ್ತು. ತೆನೆ ಹರಡಿ, ಜೋಡೆತ್ತು ಕಟ್ಟಿ, ರೋಣಗಲ್ಲು ಸುತ್ತಿಸುತ್ತಿದ್ದರು. ಒಕ್ಕಿದ ರಾಗಿ ರಾಶಿಯಾಗಿ ಮನೆ ಸೇರೋ ತನಕ ರಾತ್ರಿ ಕಾವಲು. ಹುಲ್ಲು ಬಣವೆ ಪಕ್ಕದಲ್ಲೇ ಇರುತ್ತಿದ್ದರಿಂದ ಬೆಂಕಿ ಎಲ್ಲಿ ಹಾಕಬೇಕು ಅನ್ನೋದನ್ನ ತಾತ ತಾನೇ ಹೆಜ್ಜೆ ಎಣಿಸಿ ತೋರಿಸುತ್ತಿದ್ದರು. ಮೂವತ್ತು ಹೆಜ್ಜೆ, ಅದೂ ಗಾಳಿ ಬೀಸೋ ಕಡೆಗೆ. ಒಂದು ಹೆಜ್ಜೆ ಕಮ್ಮಿ ಆದರೂ ಒಪ್ಪುತ್ತಿರಲಿಲ್ಲ.

1981ರ ಜನವರಿ. ನನಗೆ ಹನ್ನೆರಡು ವರ್ಷ. ಅಮ್ಮನ ತವರು ಚಿಂತಾಮಣಿ ಕಡೆ. ನಾನು ಅಲ್ಲಿಗೆ ಹೋಗಿದ್ದೆ, ನನ್ನ ಸೋದರಮಾವ ನನ್ನನ್ನ ಊರಿಗೆ ಬಿಡೋಕೆ ಬಂದರು. ಮಾವ ಕೆಜಿಎಫ್ ಗಣಿಯಲ್ಲಿ ಕರೆಂಟಿನ ಕೆಲಸಕ್ಕೆ 1962ರಲ್ಲಿ ಸೇರಿದವರು. ಆಗ ಬಂಗಾರಪೇಟೆಯಿಂದ ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರ ಹಾಯ್ದು ಯಲಹಂಕಕ್ಕೆ ನ್ಯಾರೋ ಗೇಜ್ ಗಾಡಿ ಬರುತ್ತಿತ್ತು. ಎರಡೂವರೆ ಅಡಿ ಅಗಲದ ಹಳಿ. ಎದುರು ಬೆಂಚಿನವರ ಮೊಣಕಾಲಿಗೆ ನಮ್ಮ ಮೊಣಕಾಲು ತಾಗುತ್ತಿತ್ತು. ದೇವನಹಳ್ಳಿಯಲ್ಲಿ ಮಾವ ಅಜ್ಜಿಗೆ ಅಂತ ಒಂದು ಚಕ್ಕೋತ ಕೊಂಡರು. ಕಾದು ಕಾದು ಬೇಜಾರಾಗಿ ನಾನು ಅದನ್ನ ಮೇಲಕ್ಕೆ ಎಸೆಯೋದು, ಹಿಡಿಯೋದು, ಹೀಗೆ ಆಡಿಕೊಂಡು ಬಂದೆ. ಗಾಡಿ ಯಲಹಂಕದ ಪ್ಲಾಟ್‌ಫಾರ್ಮಿಗೆ ನುಗ್ಗುವಾಗಲೂ ಆಡುತ್ತಿದ್ದೆ. ನಮ್ಮನ್ನ ಕರೆದೊಯ್ಯೋಕೆ ದೊಡ್ಡಪ್ಪನ ಮಗ, ನನ್ನ ಅಣ್ಣ, ಅಲ್ಲಿ ನಿಂತಿದ್ದ.

ಜಗಳ ಶುರುವಾದದ್ದು ರಾತ್ರಿ, ಬೆಂಕಿ ಮುಂದೆ.

"ಏನ್ಲಾ, ಹಣ್ಣನ್ನ ಮುಂದಕ್ಕೆ ಎಸೀತಿದ್ದೆ? ಕಿಟಕಿಯಿಂದ ಆಚೆ ಹೋಗಿದ್ರೆ ಅಜ್ಜಿಗೆ ಏನು ಕೊಡ್ತಿದ್ದೆ?" ಅಂದ ಅಣ್ಣ.

"ಮುಂದಕ್ಕೆ ಎಲ್ಲಿ ಎಸೆದೆ? ನೆಟ್ಟಗೆ ಮೇಲಕ್ಕೆ ಎಸೆದೆ. ನೆಟ್ಟಗೆ ಕೈಗೇ ಬಿತ್ತು."

"ಸುಳ್ಳು ಬೊಗಳಬೇಡ. ಕಣ್ಣಾರೆ ನೋಡಿದೀನಿ. ಬೇಲಿಯ ಒಂದು ಕಲ್ಲುಕಂಬದ ಹತ್ರ ಎಸೆದೆ, ಮುಂದಿನ ಕಂಬದ ಹತ್ರ ಹಿಡಿದೆ. ಒಂದು ಮಾರು ದೂರ ಹೋಗಿತ್ತು ಹಣ್ಣು."

ಮಾತು ಕೈಗೆ ಬಂತು. ತಾತ ನಡುವೆ ಬಂದು, ಇಬ್ಬರಲ್ಲಿ ಒಬ್ಬ ಸುಳ್ಳು ಹೇಳ್ತಿದಾನೆ, ಯಾರು ಅಂತ ಈಗಲೇ ಒಪ್ಪಿಕೊಳ್ಳಿ ಅಂದರು. ತಾತನಿಗೆ ಸುಳ್ಳು ಅಂದರೆ ಆಗದು. ಆಗ ಮಾವ, ಬೀಡಿ ಹಚ್ಚೋಕೆ ಕೊಳ್ಳಿ ಎತ್ತಿಕೊಂಡವರು ಅದನ್ನ ಹಾಗೇ ಹಿಡಿದು, "ಇಬ್ರೂ ನಿಜಾನೇ ಹೇಳ್ತಿದಾರೆ, ದೊಡ್ಡೋರೆ," ಅಂದರು.

ಮಾವ ಬೆಂಕಿ ಪಕ್ಕದ ಬೂದಿಯನ್ನ ಅಂಗೈಯಿಂದ ಸವರಿ ಹಲಗೆಯಷ್ಟು ಅಗಲ ಮಾಡಿದರು. ಕಡ್ಡಿಯಲ್ಲಿ ಒಂದು ನೆಟ್ಟನೆ ಗೆರೆ ಎಳೆದರು, ಇದು ಇವನು ಕಂಡದ್ದು ಅಂದರು. ಪಕ್ಕದಲ್ಲಿ ಬಿಲ್ಲಿನ ಹಾಗೆ ಬಾಗಿದ ಗೆರೆ ಎಳೆದರು, ಇದು ಅವನು ಕಂಡದ್ದು. ಗಾಡಿಯೊಳಗೆ ಕೂತವನಿಗೆ ಗಾಡಿಯೇ ನೆಲ. ಹಣ್ಣು ಅವನ ಜೊತೆಗೇ ಓಡುತ್ತಿದೆ, ಆದ್ದರಿಂದ ಓಡುತ್ತಿದೆ ಅಂತಲೇ ಗೊತ್ತಾಗುವುದಿಲ್ಲ. ಹೊರಗೆ ನಿಂತವನಿಗೆ ಹಣ್ಣು ಏರುತ್ತೆ, ಇಳಿಯುತ್ತೆ, ಜೊತೆಗೆ ಮುಂದಕ್ಕೂ ಹೋಗುತ್ತೆ. "ಹಣ್ಣು ಇವನ ಕೈಗೆ ಬಂತಾ ಇಲ್ವಾ ಅಂತ ಕೇಳಿ. ಬಂತು ಅನ್ನೋದಕ್ಕೆ ಇಬ್ರದೂ ತಕರಾರಿಲ್ಲ. ಎಷ್ಟು ದೂರ ಹೋಗಿ ಬಂತು ಅನ್ನೋದರಲ್ಲಿ ಮಾತ್ರ ಲೆಕ್ಕ ಬೇರೆ."

ಆಮೇಲೆ ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದೆ. ಈ ವಿಷಯವನ್ನ ಇದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬಂದಿಲ್ಲ.

ಅಣ್ಣ ಚುರುಕು. ಅವನು ಕೇಳಿದ: "ನನ್ನ ಲೆಕ್ಕದಲ್ಲಿ ಹಣ್ಣು ಜಾಸ್ತಿ ದೂರ ಹೋಯ್ತು ಅಂದ್ಮೇಲೆ ಜಾಸ್ತಿ ಹೊತ್ತೂ ಹಿಡೀಬೇಕಲ್ವಾ ಮಾವ?"

ಮಾವ ಕಣದ ಕಡೆ ಕೈ ತೋರಿಸಿದರು. "ರೋಣಗಲ್ಲು ಎಳೆಯೋ ಎತ್ತು ನೋಡಿದೀಯಲ್ಲ. ಒಳಗಿನ ಎತ್ತಿಗೆ ಸುತ್ತು ಚಿಕ್ಕದು, ಹೊರಗಿನ ಎತ್ತಿಗೆ ದೊಡ್ಡದು. ಆದರೂ ಎರಡೂ ಒಟ್ಟಿಗೇ ಒಂದು ಸುತ್ತು ಮುಗಿಸ್ತವೆ. ಹೆಂಗೆ?" ಹೊರಗಿನ ಎತ್ತು ಬಿರಬಿರನೆ ಹೆಜ್ಜೆ ಹಾಕುತ್ತೆ, ಅದಕ್ಕೇ ಅಂದೆ ನಾನು. ಹೊರಗಿನ ಸುತ್ತಿಗೆ ಯಾವಾಗಲೂ ಬಲವಾದ ಎತ್ತನ್ನೇ ಕಟ್ಟೋದು ಅಂತ ತಾತ ಸೇರಿಸಿದರು. "ಹಣ್ಣೂ ಅಷ್ಟೇ," ಅಂದರು ಮಾವ, "ಹೊರಗಿಂದ ನೋಡೋನಿಗೆ ಅದಕ್ಕೆ ಗಾಡಿಯ ವೇಗವೂ ಸೇರಿಕೊಂಡಿರುತ್ತೆ. ದೂರ ಜಾಸ್ತಿ, ವೇಗವೂ ಜಾಸ್ತಿ. ಹೊತ್ತು ಅಷ್ಟೇ."

ಅಲ್ಲಿಗೆ ಜಗಳ ಮುಗಿಯಬೇಕಿತ್ತು. ಮಾವ ಮುಗಿಸಲಿಲ್ಲ. ಬ್ಯಾಟರಿ ಎತ್ತಿಕೊಂಡು ಮೇಲಕ್ಕೆ ಬಿಟ್ಟರು. ಹೊಗೆಯಲ್ಲಿ ಬೆಳಕಿನ ಕೋಲು ನಿಂತಿತು. "ಈಗ ಹಣ್ಣಿನ ಬದಲು ಇದನ್ನ ಎಸೆದೆ ಅಂತ ಇಟ್ಕೋ. ಗಾಡಿಯ ನೆಲದಿಂದ ಮೇಲಕ್ಕೆ ಬೆಳಕು. ಚಾವಣಿಯಲ್ಲಿ ಕನ್ನಡಿ. ಬಡಿದು ಕೆಳಗೆ ಬರುತ್ತೆ. ಒಳಗಿರೋ ನಿನಗೆ ನೆಟ್ಟಗೆ ಹೋಗಿ ನೆಟ್ಟಗೆ ಬಂತು. ಹೊರಗಿರೋ ಅವನಿಗೆ ಓರೆಯಾಗಿ ಹೋಗಿ ಓರೆಯಾಗಿ ಬಂತು, ದೂರ ಜಾಸ್ತಿ. ಆದರೆ ಬೆಳಕು ಅನ್ನೋದು ಬಿರಬಿರನೆ ಹೆಜ್ಜೆ ಹಾಕದ ಎತ್ತು. ಗಾಡಿ ಮೇಲಿಂದ ಬಿಟ್ಟರೂ ಅಷ್ಟೇ, ನೆಲದ ಮೇಲಿಂದ ಬಿಟ್ಟರೂ ಅಷ್ಟೇ. ಸೆಕೆಂಡಿಗೆ 3 ಲಕ್ಷ ಕಿಲೋಮೀಟರು. ಯಾರು ಅಳೆದರೂ ಅದೇ. ಈಗ ಹೇಳು, ಆ ದೂರ ಹೆಂಗೆ ತುಂಬುತ್ತೆ?"

ಯಾರೂ ಮಾತಾಡಲಿಲ್ಲ. ಬಣವೆಯಲ್ಲಿ ಇಲಿ ಓಡಾಡುವ ಸದ್ದು ಕೇಳುತ್ತಿತ್ತು. ಅಣ್ಣನೇ ನಿಧಾನವಾಗಿ ಹೇಳಿದ: "ಹೊತ್ತೇ ಜಾಸ್ತಿ ಆಗ್ಬೇಕು."

"ಹೂಂ. ಇವನು ಒಂದು ಅಂತ ಎಣಿಸೋದರೊಳಗೆ ನೀನು ಒಂದಕ್ಕಿಂತ ಸ್ವಲ್ಪ ಜಾಸ್ತಿ ಎಣಿಸಿರ್ತೀಯ. ಓಡೋ ಗಾಡಿಯ ಗಡಿಯಾರ, ನಿಂತವನ ಲೆಕ್ಕಕ್ಕೆ, ನಿಧಾನ."

1887ರಲ್ಲಿ ಮೈಕಲ್ಸನ್ ಮತ್ತು ಮೋರ್ಲಿ, ಭೂಮಿ ಓಡುವ ದಿಕ್ಕಿನಲ್ಲಿ ಒಂದು ವೇಗ, ಅಡ್ಡಲಾಗಿ ಇನ್ನೊಂದು ವೇಗ ಬೆಳಕಿಗೆ ಇದೆಯಾ ಅಂತ ಹುಡುಕಿ ಏನೂ ಸಿಗದೆ ಕೂತರು. 1905ರಲ್ಲಿ ಐನ್‌ಸ್ಟೈನ್ ಬೆಳಕಿನ ವೇಗ ಎಲ್ಲರಿಗೂ ಒಂದೇ ಅಂತ ಒಪ್ಪಿಕೊಂಡು, ಹೊತ್ತು ಮತ್ತು ದೂರಗಳನ್ನ ಸಡಿಲ ಬಿಟ್ಟರು. ಇದನ್ನೆಲ್ಲ ಓದಿದ್ದು ಆಮೇಲೆ. ನಮ್ಮ ಚಿಕ್ಕ ಗಾಡಿ ಗಂಟೆಗೆ 30 ಕಿಲೋಮೀಟರ್ ಓಡಿದರೆ, ಒಂದು ಗಂಟೆಯಲ್ಲಿ ಅದರ ಗಡಿಯಾರ ಹಿಂದೆ ಬೀಳೋದು ಒಂದು ಸೆಕೆಂಡನ್ನ ಲಕ್ಷ ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದೂವರೆ ಭಾಗದಷ್ಟು. ಯಾವ ಸ್ಟೇಷನ್ ಮಾಸ್ತರಿಗೂ ಅದು ತಿಳಿಯೋ ಮಾತಲ್ಲ.

ತಾತನ ಅನುಮಾನವೂ ಅದೇ. "ಯಾರು ನೋಡಿದಾರಪ್ಪಾ ಇದನ್ನ?"

"ನಾನು ನೋಡಿದೀನಿ," ಅಂದರು ಮಾವ.

ಅವರ ಮುಖ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೊಳ್ಳಿಯ ಬೆಳಕು ಕೆಳಗಿನಿಂದ ಬಿದ್ದು ಗಲ್ಲದ ಹಳೇ ಗಾಯದ ಗುರುತು ಕೆಂಪಾಗಿ ಹೊಳೆಯುತ್ತಿತ್ತು. ಕೆಜಿಎಫ್ ಗಣಿಯಲ್ಲಿ ಚಿನ್ನ ತೆಗೆಯೋರು ಒಂದು ಕಡೆ. ಇನ್ನೊಂದು ಕಡೆ ಬಾಂಬೆಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು. 1951ರಲ್ಲೇ ಹೋಮಿ ಭಾಭಾ ನಮ್ಮ ಮೈಸೂರು ಸೀಮೆಯ ಬಿ.ವಿ. ಶ್ರೀಕಂಠನ್ ಅವರನ್ನ ಆ ಗಣಿಗೆ ಕಳಿಸಿದ್ದರು. ಆಕಾಶದಿಂದ ಬರೋ ಕಣಗಳನ್ನ ಅಳೆಯೋಕೆ ಭೂಮಿಯೊಳಗೆ ಇಳಿಯೋದು ವಿಚಿತ್ರ ಅನ್ನಿಸುತ್ತೆ. ಆದರೆ ನಾವು ರಾಗಿಗೆ ಒಂದರಿ ಹಿಡಿದ ಹಾಗೆ ಅವರು ಬಂಡೆಯನ್ನೇ ಹಿಡಿದಿದ್ದರು. ಸಣ್ಣ ಪುಟ್ಟದ್ದೆಲ್ಲ ಮೇಲೇ ನಿಲ್ಲುತ್ತೆ, ಗಟ್ಟಿ ಜೀವ ಮಾತ್ರ ಕೆಳಗಿಳಿಯುತ್ತೆ. 1965ರಲ್ಲಿ ಅಲ್ಲೇ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಸಿಕ್ಕಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲೂ ಅದೇ ವರ್ಷ ಸಿಕ್ಕಿತು, ಅದಕ್ಕೂ ಮುಂಚೆ ಅಂಥ ನ್ಯೂಟ್ರಿನೊ ಲೋಕದಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಮಾವ ಹೇಳೋ ಹೊತ್ತಿಗೆ ಪ್ರೋಟಾನು ಒಡೆಯುತ್ತಾ ನೋಡಬೇಕು ಅಂತ 140 ಟನ್ ಕಬ್ಬಿಣದ ಯಂತ್ರವನ್ನ 2,300 ಮೀಟರ್ ಆಳಕ್ಕೆ ಇಳಿಸಿ ಜೋಡಿಸಿದ್ದರು. ಒಂದೊಂದೇ ತುಂಡು, ಜನ ಇಳಿಯೋ ಕೇಜಿನಲ್ಲೇ. ಅದಕ್ಕೆ ಕರೆಂಟಿನ ವೈರು ಎಳೆದವರಲ್ಲಿ ಮಾವನೂ ಒಬ್ಬರು. ಇಲ್ಲಿ ಏನು ಹಿಡೀತಿದೀರಿ ಸಾರ್ ಅಂತ ಅವರು ಕೇಳಿದರೆ, ಅಲ್ಲಿದ್ದ ಹುಡುಗ ವಿಜ್ಞಾನಿಗಳು ಸುಣ್ಣದ ಕಡ್ಡಿಯಲ್ಲಿ ಬಂಡೆಯ ಮೇಲೇ ಬರೆದು ತೋರಿಸುತ್ತಿದ್ದರಂತೆ. ಬೂದಿಯ ಮೇಲೆ ನಮಗೆ ಬರೆದದ್ದು ಆ ಪಾಠವನ್ನೇ.

ಮಾವ ಕೈ ಚಾಚಿ, ಅಂಗೈ ಮೇಲಕ್ಕೆ ಮಾಡಿ ಬೆಂಕಿ ಮೇಲೆ ಹಿಡಿದರು. "ಒಂದು," ಅಂದರು. ಸ್ವಲ್ಪ ತಡೆದು, "ಇನ್ನೊಂದು." ನಾವು ನೋಡಿದೆವು, ಕೈಯಲ್ಲಿ ಏನೂ ಇಲ್ಲ.

"ಮ್ಯುಯಾನು ಅಂತ ಹೆಸರು. ಒಂದು ಕಣ. ಅಂಗೈಯಗಲ ಜಾಗದಲ್ಲಿ ಸೆಕೆಂಡಿಗೆ ಒಂದೋ ಎರಡೋ ತೂರಿಕೊಂಡು ಹೋಗ್ತಾನೇ ಇರುತ್ತೆ. ನಿನ್ನ ತಲೆ ಮೇಲೂ, ಎತ್ತಿನ ಮೇಲೂ, ಈ ಕಣದ ಮೇಲೂ ಬೀಳ್ತಾ ಇದೆ."

ಕಣದ ಮೇಲೆ ಕಣ. ಅದಕ್ಕೂ ಮುಂಚೆ ಆ ಎರಡು ಮಾತು ನನ್ನ ತಲೆಯಲ್ಲಿ ಬೇರೆ ಬೇರೆ ಕೋಣೆಯಲ್ಲಿದ್ದವು. ಒಂದು ಮನೆಯದು, ಇನ್ನೊಂದು ಸ್ಕೂಲಿನದು. ಆ ರಾತ್ರಿಯಿಂದ ನನಗೆ ಅವು ಒಂದೇ ಮಾತು.

ಈ ಮ್ಯುಯಾನಿನ ಲೆಕ್ಕವನ್ನ ನಿಮಗೆ ನಿಧಾನವಾಗಿ ಹೇಳಬೇಕು, ಯಾಕಂದರೆ ಇಡೀ ಕತೆಯ ಜೀವ ಇರೋದು ಇದರಲ್ಲೇ. ಹೊರಗಿನ ಆಕಾಶದಿಂದ ಬಂದ ಕಣಗಳು ಗಾಳಿಗೆ ಬಡಿದಾಗ, ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಇದು ಹುಟ್ಟುತ್ತೆ. ಇಲ್ಲಿಂದ ಮೆಜೆಸ್ಟಿಕ್‌ಗೆ ಹೋಗೋಷ್ಟು ದೂರವನ್ನ ನೆಟ್ಟಗೆ ಮೇಲಕ್ಕೆ ನಿಲ್ಲಿಸಿಕೊಳ್ಳಿ. ಮ್ಯುಯಾನಿನ ಆಯುಸ್ಸು ಸರಾಸರಿ 2.2 ಮೈಕ್ರೋಸೆಕೆಂಡ್, ಅಂದರೆ ಸೆಕೆಂಡನ್ನ ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಎರಡು ಚಿಲ್ಲರೆ. ಹೆಚ್ಚುಕಮ್ಮಿ ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟರಲ್ಲಿ 660 ಮೀಟರ್ ದಾಟಬಹುದು, ಅಷ್ಟೇ. ನೆಲ ಮುಟ್ಟೋಕೆ 50 ಮೈಕ್ರೋಸೆಕೆಂಡ್ ಬೇಕು. ಆ ಲೆಕ್ಕದಲ್ಲಿ ನೂರಾರು ಕೋಟಿ ಹೊರಟರೆ ಒಂದೂ ನಮ್ಮ ಕಣ ಮುಟ್ಟಬಾರದು. ಆದರೆ ಮಾವನ ಅಂಗೈ ಮೇಲೆ ಸೆಕೆಂಡಿಗೊಂದು ಬೀಳುತ್ತಿದೆ.

ಬೆಳಕಿನ ವೇಗದಲ್ಲಿ ನೂರಕ್ಕೆ 99.8 ಭಾಗದಷ್ಟು ವೇಗದ ಮ್ಯುಯಾನನ್ನೇ ತಗೊಳ್ಳಿ. ನಿಂತಿರೋ ನಮ್ಮ ಲೆಕ್ಕಕ್ಕೆ ಅದರ ಗಡಿಯಾರ ಸುಮಾರು 16 ಪಟ್ಟು ನಿಧಾನ. ಆಯುಸ್ಸು 2.2 ಅಲ್ಲ, 35 ಮೈಕ್ರೋಸೆಕೆಂಡ್. ಅದು ಸರಾಸರಿ ಆದ್ದರಿಂದ, ಅವುಗಳಲ್ಲಿ ಒಂದಷ್ಟು ನೆಲದ ತನಕ ಬದುಕಿ ಬರೋಕೆ ಸಾಕು. ಈಗ ಅದರ ಬೆನ್ನ ಮೇಲೆ ಕೂತು ನೋಡಿ. ಅದರ ಗಡಿಯಾರದಲ್ಲಿ ಆಯುಸ್ಸು 2.2 ಮೈಕ್ರೋಸೆಕೆಂಡೇ, ಒಂದಿಷ್ಟೂ ಹೆಚ್ಚಿಲ್ಲ. ಆದರೆ ಅದಕ್ಕೆ ಓಡುತ್ತಿರೋದು ತಾನಲ್ಲ, ಭೂಮಿ. ಗಾಳಿ, ಮೋಡ, ಅಲ್ಲಾಳಸಂದ್ರ, ನಮ್ಮ ಕಣ ಎಲ್ಲ ಸೇರಿ ತನ್ನ ಕಡೆಗೆ ನುಗ್ಗಿ ಬರುತ್ತಿವೆ. ಓಡುವ ವಸ್ತು ಓಡುವ ದಿಕ್ಕಿನಲ್ಲಿ ಕುಗ್ಗುತ್ತೆ. ನಮ್ಮ 15 ಕಿಲೋಮೀಟರ್ ಅದಕ್ಕೆ ಒಂದು ಕಿಲೋಮೀಟರಿಗೂ ಕಮ್ಮಿ. ಮೆಜೆಸ್ಟಿಕ್‌ನಷ್ಟು ದೂರ ಇದ್ದದ್ದು ಜಕ್ಕೂರಿನ ಅರ್ಧ ದಾರಿಯಾಯ್ತು. ನಾವು ಹೊತ್ತು ಹಿಗ್ಗಿತು ಅಂತೀವಿ, ಅದು ದೂರ ಕುಗ್ಗಿತು ಅನ್ನುತ್ತೆ. ಹಣ್ಣು ಕೈಗೆ ಬಂತು ಅನ್ನೋದರಲ್ಲಿ ತಕರಾರಿಲ್ಲ.

ಅಮೆರಿಕದ ಮೌಂಟ್ ವಾಷಿಂಗ್ಟನ್ ಬೆಟ್ಟದ ಮೇಲೆ ಫ್ರಿಶ್ ಮತ್ತು ಸ್ಮಿತ್ ಅನ್ನೋರು ಗಂಟೆಗೆ ಸುಮಾರು 563 ಮ್ಯುಯಾನ್ ಎಣಿಸಿ, ಕೆಳಗೆ ಸಮುದ್ರಮಟ್ಟಕ್ಕೆ ಬಂದು ಮತ್ತೆ ಎಣಿಸಿದರು. ಹೊತ್ತು ಎಲ್ಲರಿಗೂ ಒಂದೇ ಆಗಿದ್ದರೆ 27 ಸಿಗಬೇಕಿತ್ತು. ಸಿಕ್ಕಿದ್ದು 408ರ ಆಸುಪಾಸು. 1963ರಲ್ಲಿ ಪ್ರಕಟವಾದ ಈ ಲೆಕ್ಕವನ್ನ ನಾನು ಪ್ರತಿ ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ. 408 ಅಂತ ಬರೆಯೋವಾಗ ಪ್ರತಿ ಸಲವೂ ಮೈ ಜುಮ್ಮೆನ್ನುತ್ತಿತ್ತು.

ಇದನ್ನ ಎಲ್ಲರಿಗಿಂತ ಮೊದಲು ಊಹಿಸಿದವರಲ್ಲಿ ಭಾಭಾ ಒಬ್ಬರು. 1938ರಲ್ಲಿ ಕೇಂಬ್ರಿಜ್‌ನಲ್ಲಿದ್ದಾಗಲೇ ಅವರು 'ನೇಚರ್' ಪತ್ರಿಕೆಯ ಒಂದು ಪುಟ್ಟ ಬರಹದಲ್ಲಿ ಹೇಳಿದ್ದರು: ತಾನಾಗಿ ಒಡೆಯೋ ಇಂಥ ಕಣವನ್ನ ಒಂದು ಗಡಿಯಾರ ಅಂತಲೇ ಎಣಿಸಬಹುದು, ಓಡುವಾಗ ಅದು ಹೆಚ್ಚು ಕಾಲ ಬಾಳಬೇಕು ಅಂತ. ಮರುವರ್ಷ ರಜೆಗೆ ಊರಿಗೆ ಬಂದಾಗ ಯುದ್ಧ ಶುರುವಾಯ್ತು, ವಾಪಸು ಹೋಗೋಕೆ ಆಗಲಿಲ್ಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಸಿ.ವಿ. ರಾಮನ್ ಇದ್ದ ಭೌತಶಾಸ್ತ್ರ ವಿಭಾಗದಲ್ಲಿ ಕಾಸ್ಮಿಕ್ ಕಿರಣಗಳ ಕೆಲಸ ಹಿಡಿದರು. ಆಗಲೇ ಹೇಳಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಅವರದೇ, 1945ರಲ್ಲಿ ಅದು ಮೊದಲು ಕಣ್ಣು ಬಿಟ್ಟದ್ದೂ ಅಲ್ಲೇ, ಆಮೇಲೆ ಬಾಂಬೆಗೆ ಹೋಯ್ತು. ಹೆಬ್ಬಾಳ ದಾಟಿ ಮೇಖ್ರಿ ಸರ್ಕಲ್ ಮುಟ್ಟಿದರೆ ಆ ಕ್ಯಾಂಪಸ್ ದೂರವಿಲ್ಲ. ನಮ್ಮ ತಾತ ಇಲ್ಲಿ ರಾಗಿ ಒಕ್ಕುತ್ತಿದ್ದ ಕಾಲದಲ್ಲೇ, ಅಷ್ಟು ಹತ್ತಿರದಲ್ಲಿ ಒಬ್ಬರು ಈ ಬೀಳೋ ಕಣಗಳನ್ನ ಎಣಿಸುತ್ತಾ ಕೂತಿದ್ದರು. ನನಗೆ ಇದು ಸಣ್ಣ ಸಂಗತಿ ಅನ್ನಿಸಿಲ್ಲ ಯಾವತ್ತೂ.

ಆ ರಾತ್ರಿಗೆ ವಾಪಸು ಬರ್ತೀನಿ. ಅಜ್ಜಿ ಅಷ್ಟು ಹೊತ್ತೂ ಸೆರಗು ಹೊದ್ದು ಸುಮ್ಮನೆ ಕೂತಿದ್ದವರು, ಚಕ್ಕೋತ ಬಿಡಿಸಿ ತೊಳೆ ಹಂಚುತ್ತಾ ಕೇಳಿದರು: "ಏನಪ್ಪಾ, ಅಷ್ಟು ಆಳದಲ್ಲಿ ಹೊತ್ತು ಹೆಂಗೆ ಹೋಗುತ್ತೆ ನಿಂಗೆ?"

ಮಾವ ತೊಳೆ ಬಾಯಿಗೆ ಹಾಕಿಕೊಳ್ಳಲಿಲ್ಲ, ಕೈಯಲ್ಲೇ ಹಿಡಿದುಕೊಂಡರು. "ಎಂಟು ಗಂಟೆ ಪಾಳಿ, ಹನ್ನೆರಡು ಗಂಟೆ ಅನ್ನಿಸುತ್ತೆ ಅತ್ತೆಮ್ಮ. ಬಂಡೆ ಕಾವಲಿ ಥರ ಕಾದಿರುತ್ತೆ. ಮೇಲೆ ಬಂದು ಬಿಸಿಲು ನೋಡಿದಾಗಲೇ ಬೆಳಗಾಗಿದೆ ಅಂತ ಗೊತ್ತಾಗೋದು."

"ಅಂದ್ರೆ ಕೆಳಗಿನ ಗಡಿಯಾರಕ್ಕೂ ಮೇಲಿನ ಗಡಿಯಾರಕ್ಕೂ ಹೊಂದೋದಿಲ್ಲ ಅನ್ನು."

"ಅದನ್ನ ಅವರನ್ನ ಕೇಳಿಲ್ಲ," ಅಂದರು ಮಾವ. "ಕೇಳ್ತೀನಿ."

ಕೇಳಿದರೋ ಇಲ್ಲವೋ, ನನಗೆ ಹೇಳಲಿಲ್ಲ. ಉತ್ತರ ನನಗೆ ಎಂ.ಎಸ್ಸಿ. ಓದುವಾಗ ಸಿಕ್ಕಿತು. ಅಜ್ಜಿ ಹೇಳಿದ್ದೇ ಸರಿ. ಓಟದಿಂದ ಮಾತ್ರವಲ್ಲ, ಭೂಮಿಯ ಸೆಳೆತದಿಂದಲೂ ಗಡಿಯಾರಗಳು ಬೇರೆಯಾಗುತ್ತವೆ. ಕೆಳಗಿರೋದು ನಿಧಾನ, ಮೇಲಿರೋದು ಜೋರು. 1960ರ ಹೊತ್ತಿಗೆ ಹಾರ್ವರ್ಡ್‌ನಲ್ಲಿ ಪೌಂಡ್ ಮತ್ತು ರೆಬ್ಕಾ, ಬರೀ 22.5 ಮೀಟರ್ ಎತ್ತರದ ಗೋಪುರದಲ್ಲೇ ಈ ವ್ಯತ್ಯಾಸವನ್ನ ಅಳೆದಿದ್ದರು. ನೀವು ಮೊಬೈಲಿನಲ್ಲಿ ನೋಡೋ ಮ್ಯಾಪಿಗೂ ಇದೇ ಲೆಕ್ಕ. ಜಿಪಿಎಸ್ ಉಪಗ್ರಹದ ಗಡಿಯಾರ ಎತ್ತರದಲ್ಲಿರೋದರಿಂದ ದಿನಕ್ಕೆ 45 ಮೈಕ್ರೋಸೆಕೆಂಡ್ ಮುಂದೆ ಹೋಗುತ್ತೆ, ಓಡುತ್ತಿರೋದರಿಂದ 7 ಹಿಂದೆ ಬೀಳುತ್ತೆ. ಉಳಿದ 38ನ್ನ ಸರಿಪಡಿಸದೆ ಒಂದು ದಿನ ಬಿಟ್ಟರೆ, ಆ 38 ಮೈಕ್ರೋಸೆಕೆಂಡಿನಲ್ಲಿ ಬೆಳಕು 11 ಕಿಲೋಮೀಟರ್ ಹೋಗಿರುತ್ತೆ. ಅಲ್ಲಾಳಸಂದ್ರಕ್ಕೆ ಬರಬೇಕಾದ ಆಟೊ ಯಶವಂತಪುರದಲ್ಲಿ ನಿಂತಿರುತ್ತೆ. 2023ರ ಮೇ 29ರಂದು ಇಸ್ರೊ ಹಾರಿಸಿದ, ದಾರಿ ತೋರಿಸೋ ಉಪಗ್ರಹ ಎನ್‌ವಿಎಸ್-01ರಲ್ಲಿ ನಮ್ಮ ದೇಶದಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಇದೆ. ಅದಕ್ಕೂ ಈ ಲೆಕ್ಕ ತಪ್ಪಿದ್ದಲ್ಲ.

ಮಾವ 1989ರಲ್ಲಿ ನಿವೃತ್ತರಾದರು. ಗಣಿ 2001ರಲ್ಲಿ ಮುಚ್ಚಿತು. ಮಾವ ಹೋದ ಮೇಲೆ, ತಿಥಿಯ ದಿನ ಊಟ ಮುಗಿದು ಎಲ್ಲರೂ ಮಲಗಿದಾಗ, ನಾನು ಒಂದು ಕಾಗದ ತಗೊಂಡು ಕೂತೆ. ಸುಮಾರು 2 ಕಿಲೋಮೀಟರ್ ಆಳ, 8 ಗಂಟೆಯ ಪಾಳಿ. ಒಂದು ಪಾಳಿಯಲ್ಲಿ ಮಾವನ ಗಡಿಯಾರ ನಮ್ಮ ಗಡಿಯಾರಕ್ಕಿಂತ ಸುಮಾರು 6 ನ್ಯಾನೋಸೆಕೆಂಡ್ ಹಿಂದೆ. ವರ್ಷಕ್ಕೆ 300 ಪಾಳಿ, 27 ವರ್ಷ. ಗುಣಿಸಿದೆ. ಐವತ್ತು ಮೈಕ್ರೋಸೆಕೆಂಡ್ ಬಂತು. ಇನ್ನೊಂದು ಸಲ ಮಾಡಿ ನೋಡಿದೆ, ಅಷ್ಟೇ ಬಂತು. ಮ್ಯುಯಾನು ಆಕಾಶದಿಂದ ಹೊರಟು ನಮ್ಮ ಕಣ ಮುಟ್ಟೋಕೆ ನಮ್ಮ ಗಡಿಯಾರದಲ್ಲಿ ಹಿಡಿಯೋ ಹೊತ್ತು ಅದೇ.

ಅತ್ತೆ ಎದ್ದು ಬಂದು ಏನು ಬರೀತಿದೀಯಪ್ಪಾ ಅಂತ ಕೇಳಿದರು. ಮಾವ ನಮ್ಮೆಲ್ಲರಿಗಿಂತ ಇಷ್ಟು ಹೊತ್ತು ಚಿಕ್ಕವರಾಗಿದ್ದರು ಅತ್ತೆ ಅಂದೆ. ಎಷ್ಟು ಅಂತ ಕೇಳಿದರು. ಬೂದಿ ಇರಲಿಲ್ಲ, ಕಾಗದದ ಹಿಂಬದಿಯಲ್ಲೇ ಒಂದು ನೆಟ್ಟನೆ ಗೆರೆ, ಪಕ್ಕದಲ್ಲಿ ಒಂದು ಓರೆ ಗೆರೆ ಎಳೆದು ಹೇಳೋಕೆ ಶುರುಮಾಡಿದೆ. ಅತ್ತೆ ಕೊನೆಯವರೆಗೂ ಕೇಳಿ, ಕಾಗದವನ್ನ ನಾಲ್ಕು ಮಡಿಕೆ ಮಾಡಿ, ಗೂಟಕ್ಕೆ ನೇತುಹಾಕಿದ್ದ ಮಾವನ ಗಣಿ ಹೆಲ್ಮೆಟ್ಟಿನ ಪಟ್ಟಿಯೊಳಗೆ ಸಿಕ್ಕಿಸಿದರು.